ಆಲಣಬೆ ಸಾರು

"ಸುತ್ತ ಕಾಡು ಇಟ್ಟುಕೊಂಡು ಅಂಗಡಿಯಿಂದ ಅಣಬೆ ತರೋದಾ? ಗಾಣಿಗನ ಮನೆಯವಳು ಪಕ್ಕದ ಮನೆಗೆ ಹೋಗಿ ಎಣ್ಣೆ ಸಾಲ ಕೇಳಿದ ಹಾಗಾಯ್ತು. ನಾನು ಬದುಕಿರೋವರೆಗೆ ಈ ಮನೆಗೆ ಪ್ಯಾಕೆಟ್ ಅಣಬೆ ಬರಕೂಡದು."

ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿ ರಘುನಂದನ್ ಹೀಗೆ ಘೋಷಿಸಿದ. ಕೆಳಗೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದ ಹೆಂಡತಿ ಕವಿತ ತಲೆ ಎತ್ತಲಿಲ್ಲ.

"ಪ್ಯಾಕೆಟ್ ಬಂದ್ರೆ ಇನ್ನೂ ಒಂದಷ್ಟು ದಿನ ಬದುಕಿರ್ತೀರ. ಯೋಚ್ನೆ ಮಾಡಿ" ಅಂದಳು.

ರಘುನಂದನನಿಗೆ ಯೋಚನೆ ಮಾಡುವ ಅಭ್ಯಾಸವಿರಲಿಲ್ಲ. ಗುರುತು ಹಿಡಿಯುವ ಅಭ್ಯಾಸವಿತ್ತು. ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಮೀಟರುಗಳ ಮುಂದೆ ಕೂರುವುದು ಅವನ ಕೆಲಸ. ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿದರೆ ಸಾಕು, ಯಂತ್ರದ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ಅವನಿಗೆ ತಿಳಿದುಬಿಡುತ್ತಿತ್ತು. ಈ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಮೇಲಧಿಕಾರಿಗಳೇ ಒಪ್ಪಿದ್ದರು. ಅದೇ ವಿದ್ಯೆಯನ್ನು ಅವನು ಮುಳ್ಳಿಲ್ಲದ ವಸ್ತುಗಳ ಮೇಲೂ ಪ್ರಯೋಗಿಸುತ್ತಿದ್ದದ್ದು ಮಾತ್ರ ಸಂಸಾರಕ್ಕೆ ಕಷ್ಟವಾಗಿತ್ತು.

ಹೋದ ವರ್ಷ ಕೊಪ್ಪದಲ್ಲಿ ಮಾವ ಬೋರಯ್ಯನವರ ಕೊಟ್ಟಿಗೆಗೆ ಹೋಗಿ ಹಸುವಿನ ಹೊಟ್ಟೆಯನ್ನು ನಾಲ್ಕು ಕಡೆ ತಟ್ಟಿ, "ಇದು ಗಬ್ಬ ಅಲ್ಲ ಮಾವ, ಬರೀ ಗ್ಯಾಸು" ಎಂದು ತೀರ್ಪು ಕೊಟ್ಟಿದ್ದ. ಆ ಗ್ಯಾಸು ವಾರದೊಳಗೆ ನಾಲ್ಕು ಕಾಲೂರಿ ನಿಂತು 'ಅಂಬಾ' ಎಂದಿತು. ಅದಾದ ಮೇಲೆ ಅದೇ ಮಾವನ ಕಬ್ಬಿನ ಗದ್ದೆಯ ಪಂಪ್‌ಸೆಟ್ಟಿಗೆ ತಾನೇ ನಿಂತು ತಂತಿ ಜೋಡಿಸಿಕೊಟ್ಟ. ಮೋಟಾರು ಚೆನ್ನಾಗಿಯೇ ತಿರುಗಿತು, ಆದರೆ ಹಿಂದಕ್ಕೆ. ಇಂಗ್ಲಿಷಿನಲ್ಲಿ ಬ್ಲಫ್ ಅಂದರೆ ಕಡಿದಾದ ಗುಡ್ಡ ಎಂದು ಯಾರೋ ಓದಿದವರು ಬೋರಯ್ಯನವರಿಗೆ ಹೇಳಿದ್ದರಂತೆ. ಅಳಿಯನನ್ನು ಇಷ್ಟು ವರ್ಷ ಕಂಡ ಮೇಲೆ ಅವರು ಅದನ್ನು ಒಪ್ಪಲಿಲ್ಲ. ಆ ಊರಿಗೆ ಆ ಹೆಸರು ಯಾಕೆ ಬಂತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಈಗ ನಡುವೆ ಒಂದು ಮದುವೆ ಬಂದು ಕೂತಿತ್ತು.

ರಘುನಂದನನ ತಮ್ಮ ಸ್ವರೂಪ್ ಕೊಪ್ಪದ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ. ಬೆಳಗ್ಗೆ ಸಂಜೆ ಜನ ತರುವ ಹಾಲಿನ ಫ್ಯಾಟು ನೋಡುವುದು ಅವನ ಕೆಲಸ. ಕವಿತಳ ತಂಗಿ ದೀಪಿಕ ಕ್ಯಾನು ಹಿಡಿದು ದಿನವೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದಳು. ಹಾಲು ನೋಡುತ್ತಾ ನೋಡುತ್ತಾ ಅವನು ಹುಡುಗಿಯನ್ನೂ ನೋಡಿದ. ಅವಳೂ ನೋಡಿದಳು. ಅಕ್ಕ ತಂಗಿ ಒಂದೇ ಮನೆಗೆ ಸೊಸೆಯರಾಗುವುದು ಆ ಕಡೆ ಹೊಸದಲ್ಲ. ಎಲ್ಲರಿಗೂ ಒಪ್ಪಿಗೆಯಾಯಿತು, ಬೋರಯ್ಯನವರನ್ನು ಬಿಟ್ಟು.

"ಉಡುಗನ ಮ್ಯಾಲೆ ನಂದೇನೂ ದೂರಿಲ್ಲ" ಎಂದಿದ್ದರು ಅವರು. "ಆದ್ರೆ ಅದೇ ರಕ್ತ ಅಲ್ವಾ? ಅಣ್ಣ ಯೋಳಿದ್ದಕ್ಕೆಲ್ಲ ತಲೆ ಆಡ್ಸ್ಕಂಡು ಬೆಳೆದವ್ನು. ಒಂದು ವಂಸಕ್ಕೆ ಒಬ್ಬ ರಘುನಂದನ್ ಸಾಕು."

ಈ ಮಾತು ಬಾಯಿಂದ ಬಾಯಿಗೆ ದಾಟಿ ಬ್ಲಫಿಗೂ ಬಂತು. ಕೇಳಿದ ದಿನ ರಘುನಂದನ್ ಊಟ ಬಿಟ್ಟ. ಅಪ್ಪ ತೀರಿಕೊಂಡ ಮೇಲೆ ಹುಟ್ಟೂರು ಬಸರಾಳಿನ ಮನೆಯಲ್ಲಿ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ. ಅಂಥ ತಮ್ಮನ ಮದುವೆ ತನ್ನಿಂದಲೇ ನಿಂತಿದೆ ಎಂಬುದು ಅವನಿಗೆ ತಡೆಯಲಾರದ ಸಂಕಟವಾಗಿತ್ತು. ಒಂದೇ ಒಂದು ಸಲ, ಮಾವನ ಎದುರಿಗೆ, ಒಂದೇ ಒಂದು ವಸ್ತುವನ್ನು ಸರಿಯಾಗಿ ಗುರುತು ಹಿಡಿದು ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅವನು ನಂಬಿದ್ದ.

ಕವಿತ ಅತ್ತು ಕರೆದು ಅಪ್ಪನನ್ನು ಒಪ್ಪಿಸಿದಳು. "ಬತ್ತೀನಿ, ಉಂಡ್ಕಂಡ್ ಓಯ್ತೀನಿ. ಮಿಕ್ಕಿದ್ದು ಆಮ್ಯಾಕೆ" ಎಂದು ಬೋರಯ್ಯನವರು ಭಾನುವಾರಕ್ಕೆ ಒಪ್ಪಿದರು.

ತೊಡಕು ಎಲ್ಲಿ ಬಂತೆಂದರೆ, ಅದು ಶ್ರಾವಣ. ಬೋರಯ್ಯನವರದು ತಿಮ್ಮಪ್ಪನ ಒಕ್ಕಲು. ಶ್ರಾವಣ ಮುಗಿಯುವ ತನಕ ಆ ಮನೆಯಲ್ಲಿ ಬಾಡು ಹಾಗಿರಲಿ, ಮೊಟ್ಟೆಯ ಸಿಪ್ಪೆ ಕೂಡ ಹೊಸಲು ದಾಟುವಂತಿಲ್ಲ. ಮದುವೆಯ ಮಾತಿಗೆ ಬಂದ ಬೀಗರನ್ನು ಸೊಪ್ಪಿನ ಸಾರಿಗೆ ಕೂರಿಸುವುದನ್ನು ಮಂಡ್ಯದ ಕಡೆ ಉಪಚಾರ ಎಂದು ಯಾರೂ ಕರೆಯುವುದಿಲ್ಲ. ಇಂಥ ಇಕ್ಕಟ್ಟಿಗೆಂದೇ ದೇವರು ಅಣಬೆಯನ್ನು ಸೃಷ್ಟಿಸಿದ್ದಾನೆ. ಬಾಡಿನ ಮಸಾಲೆಯನ್ನೇ ಅರೆದು ಹಾಕಿದರೆ ನಾಲಿಗೆಗೆ ಅದು ಬಾಡು, ತಿಮ್ಮಪ್ಪನಿಗೆ ತರಕಾರಿ. ಇಬ್ಬರಿಗೂ ಬೇಸರವಿಲ್ಲ.

ಕವಿತ ಹೇಳಿದ್ದು ಮಳವಳ್ಳಿಯ ಅಂಗಡಿಯಿಂದ ತನ್ನಿ ಅಂತ. ರಘುನಂದನ್ ಕೇಳಿಸಿಕೊಂಡದ್ದು ತನ್ನ ಅದೃಷ್ಟ ಬಾಗಿಲು ತಟ್ಟಿದ್ದನ್ನು.

ಮೊದಲು ಶಾಸ್ತ್ರೋಕ್ತವಾಗಿ ಮಾಹಿತಿ ಸಂಗ್ರಹವಾಗಬೇಕಲ್ಲ. ಅವನು ಅತ್ತೆ ದೇವಿರಮ್ಮನವರಿಗೆ ಫೋನು ಮಾಡಿದ. ಹಳ್ಳಿಯಲ್ಲೇ ಹುಟ್ಟಿ ಹಳ್ಳಿಯಲ್ಲೇ ಬೆಳೆದ ಹಿರಿಯ ಜೀವ. ಅಣಬೆಯ ವಿಷಯದಲ್ಲಿ ಅವರ ಬಾಯಿಂದ ಬಂದದ್ದೇ ವೇದ.

"ಅತ್ತೆ, ನಿಮ್ಮ ಕಡೆ ಯಾವ ಅಣಬೆ ತಿಂತೀರಿ?"

"ನಾವಾ? ಆಲಣಬೆ ತಿಂತೀವಿ ಕಣಪ್ಪ. ಅದೊಂದನ್ನ ಕಣ್ಮುಚ್ಕಂಡ್ ತಿನ್ನಬೋದು. ಬ್ಯಾರೆವೆಲ್ಲ ನಾಯಿಕೊಡೆ, ನಂಬಂಗಿಲ್ಲ."

"ಆಲಣಬೆ."

"ಊಂ ಕಣಪ್ಪ, ಆಲಣಬೆ. ಯಾಕೆ?"

"ಏನಿಲ್ಲ ಅತ್ತೆ, ಸುಮ್ನೆ."

ಫೋನು ಇಟ್ಟು ಅವನು ಆ ಮಾತನ್ನು ಮೂರು ಸಲ ಬಾಯಿಪಾಠ ಮಾಡಿದ. ಅತ್ತೆ ಒಂದೇ ಶಬ್ದದಲ್ಲಿ ಊರು, ಕೇರಿ, ವಿಳಾಸ ಎಲ್ಲ ಹೇಳಿಬಿಟ್ಟಿದ್ದರು. ಆಲದ ಮರದ ಅಣಬೆ. ಕ್ವಾರ್ಟರ್ಸಿನ ಹಿಂದೆ ನದಿಯ ಕಡೆಗೆ ಇಳಿಯುವ ಕಾಡಿನಲ್ಲಿ ಒಂದು ಹಳೆಯ ಆಲದ ಮರವಿತ್ತು. ರಘುನಂದನ್ ಟಾರ್ಚು, ಚಾಕು, ಬುಟ್ಟಿ ಮತ್ತು ಅಗತ್ಯಕ್ಕಿಂತ ಹೆಚ್ಚಿನ ಆತ್ಮವಿಶ್ವಾಸ ಹಿಡಿದು ಶನಿವಾರ ಬೆಳಗ್ಗೆ ಇಳಿದ.

ಅಣಬೆ ಇತ್ತು. ಮಳೆಗೆ ಕೊಳೆತ ಎಲೆಯ ನಡುವೆ, ಉದುರಿದ ಕಡ್ಡಿಗಳ ಮೇಲೆ ಸಾಲಾಗಿ ಎದ್ದಿತ್ತು. ಆದರೆ ಗಾತ್ರ ನೋಡಿದರೆ ಅಣಬೆಯ ಜಾತಿಯಲ್ಲಿ ಅದು ಇನ್ನೂ ಅಂಗನವಾಡಿಗೆ ಹೋಗುವ ಮಗು. ತಲೆ ಅಂಗಿಯ ಗುಂಡಿಯಷ್ಟು, ನಡುವೆ ಸಣ್ಣ ಗುಳಿ, ಬಣ್ಣ ಕಂದು. ಕಾಲು ಕಪ್ಪಗೆ ಫ್ಯೂಸ್ ತಂತಿಯಷ್ಟು ತೆಳ್ಳಗೆ. ಕಿತ್ತರೆ ಮುರಿಯುತ್ತಿರಲಿಲ್ಲ, ಬಾಗುತ್ತಿತ್ತು. ಆರು ಜನರ ಸಾರಿಗಾಗುವಷ್ಟು ಕೂಡಿಸಬೇಕಾದರೆ ಬೆನ್ನು ಮುರಿಯಬೇಕು. ರಘುನಂದನ್ ಮುರಿದುಕೊಂಡ. ತಮ್ಮನ ಮದುವೆಗೆ ಅಣ್ಣನಾದವನು ಇಷ್ಟೂ ಬಾಗದಿದ್ದರೆ ಹೇಗೆ?

ಆದರೂ ಅವನು ವಿಜ್ಞಾನ ಬಲ್ಲವನು. ಬರೀ ಅತ್ತೆಯ ಮಾತಿನ ಮೇಲೆ ನಿಲ್ಲುವವನಲ್ಲ. ಫೋನಿಗೆ ಗಿಡ ಮರ ಗುರುತಿಸುವ ಆ್ಯಪ್ ಒಂದನ್ನು ಇಳಿಸಿಕೊಂಡ. ಮಧ್ಯಾಹ್ನದ ಪಾಳಿಗೆ ಹೋದವನು ಒಂದು ಅಣಬೆಯನ್ನು ಮೇಜಿನ ಮೇಲೆ ನಿಲ್ಲಿಸಿ ಎದುರಿನಿಂದ, ಪಕ್ಕದಿಂದ, ಕೆಳಗಿನಿಂದ ಫೋಟೋ ಹಿಡಿದ. ಹೆಣ್ಣು ನೋಡಲು ಹೋದವರೂ ಅಷ್ಟು ಫೋಟೋ ತೆಗೆಯುವುದಿಲ್ಲ. ಆ್ಯಪ್ ಸ್ವಲ್ಪ ಹೊತ್ತು ತಿರುಗಿ ತಿರುಗಿ, ಕೊನೆಗೆ ಬಾಯಿ ತಿರುಗದ ಒಂದು ಹೆಸರು ತೋರಿಸಿತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಪದ: ಇನ್‌ಎಡಿಬಲ್.

ರಘುನಂದನ್ ಪಕ್ಕದ ಕುರ್ಚಿಯ ಶ್ಯಾಮಣ್ಣನವರ ಕಡೆ ತಿರುಗಿದ. ಶ್ಯಾಮಣ್ಣ ಸಂಧ್ಯಾವಂದನೆ ತಪ್ಪಿಸದ ಮನುಷ್ಯ. ಮನೆಗೆ ಈರುಳ್ಳಿ ತರುವಾಗಲೂ ಚೀಲದ ಬಾಯಿ ಮುಚ್ಚಿಕೊಂಡು ತರುತ್ತಿದ್ದರು.

"ಶ್ಯಾಮಣ್ಣ, ಇನ್‌ಎಡಿಬಲ್ ಅಂದ್ರೇನು?"

"ತಿನ್ನಬಾರದ್ದು ಅಂತ ಕಣ್ರೀ. ಯಾಕೆ?"

"ಈ ಅಣಬೆ ಇನ್‌ಎಡಿಬಲ್ ಅಂತೆ."

"ಮತ್ತೆ? ಎಲ್ಲ ಅಣಬೆನೂ ಇನ್‌ಎಡಿಬಲ್ಲೇ. ನಮ್ಮನೇಲಿ ಒಳಗೇ ಸೇರಿಸಲ್ಲ" ಎಂದು ಶ್ಯಾಮಣ್ಣ ಪೇಪರಿಗೆ ಮರಳಿದರು.

ಇದು ಮಡಿಯ ಅಭಿಪ್ರಾಯವೇ ಹೊರತು ವಿಜ್ಞಾನವಲ್ಲ ಎಂದು ರಘುನಂದನ್ ಆ ಸಾಕ್ಷಿಯನ್ನು ತಳ್ಳಿಹಾಕಿದ. ಬಹಳ ಹೊತ್ತು ಕೂತು ಆ ಪದವನ್ನು ದಿಟ್ಟಿಸಿದ. ಆಮೇಲೆ ಶೆಡ್ಡಿನ ಕಡೆ ಹೋದಾಗ ಡೀಸೆಲ್ ಡ್ರಮ್ಮಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ 'ಇನ್‌ಫ್ಲೇಮಬಲ್' ಕಣ್ಣಿಗೆ ಬಿತ್ತು. ಅವನ ಬುದ್ಧಿಗೆ ಒಮ್ಮೆಲೇ ಕರೆಂಟು ಬಂತು.

ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹತ್ತದ್ದು ಅಂತಲೇ? ಅಲ್ಲ, ಧಗ್ಗನೆ ಹತ್ತುವಂಥದ್ದು. ಇನ್‌ವ್ಯಾಲ್ಯುಯಬಲ್ ಅಂದರೆ ಬೆಲೆಯಿಲ್ಲದ್ದೇ? ಅಲ್ಲ, ಬೆಲೆ ಕಟ್ಟಲಾಗದಷ್ಟು ಬೆಲೆಯುಳ್ಳದ್ದು. ಹಾಗಾದರೆ ಎಡಿಬಲ್ ಅಂದರೆ ತಿನ್ನಬಹುದಾದದ್ದು. ಇನ್‌ಎಡಿಬಲ್ ಅಂದರೆ ಧಾರಾಳವಾಗಿ ತಿನ್ನಬಹುದಾದದ್ದು. ಇಂಗ್ಲಿಷರು ಇಂಥ ಸಣ್ಣ ಸಣ್ಣ ವಿಷಯಗಳಲ್ಲಿ ಎಷ್ಟು ಆಳವಾಗಿ ಯೋಚಿಸಿದ್ದಾರೆ ಎಂದು ಅವನಿಗೆ ಗೌರವ ಉಕ್ಕಿತು.

ಮನೆಗೆ ಬಂದಾಗ ಕವಿತ ಕೇಳಿದಳು, "ಫೋನಲ್ಲಿ ನೋಡ್ತೀನಿ ಅಂತಿದ್ರಲ್ಲ, ಏನಂತು?"

"ಬಹಳ ಒಳ್ಳೇದು ಅಂತು" ಎಂದ ರಘುನಂದನ್, ಪದದ ಸೂಕ್ಷ್ಮವನ್ನು ಅವಳಿಗೆ ವಿವರಿಸುವ ಗೋಜಿಗೆ ಹೋಗದೆ.

ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಚಕ್ಕೆ, ಲವಂಗ, ಗಸಗಸೆ, ಕಾಯಿ ಎಲ್ಲ ಅರೆದಾಯಿತು. ಕವಿತ ಬುಟ್ಟಿಯನ್ನು ಮೊರಕ್ಕೆ ಸುರಿದು ನೋಡಿ ಹಣೆ ಚಚ್ಚಿಕೊಂಡಳು.

"ಏನ್ರೀ ಇದು? ಟೈಲರ್ ಅಂಗ್ಡಿ ಗುಡ್ಸ್‌ಕಂಡ್ ಬಂದಿದ್ದೀರ?"

"ಗಾತ್ರ ನೋಡಬೇಡ, ಗುಣ ನೋಡು."

"ಗುಣ ನೋಡಾಕೇ ಎದ್ರಿಕೆ ನಂಗೆ. ನಮ್ಮಜ್ಜಿ ಈರುಳ್ಳಿ ಆಕಿ ಉರಿದು ನೋಡ್ತಿದ್ಲು. ಈರುಳ್ಳಿ ಕಪ್ಪಾದ್ರೆ ಇಸ ಅಂತ."

"ನೀನೂ ನೋಡಿದೆಯಾ? ಕಪ್ಪಾಯ್ತಾ?"

"ಆಯ್ತು. ಆದ್ರೆ ಬಾಣ್ಲೆನೂ ಸೀದಿತ್ತು. ಅದ್ಕೆ ಆಯ್ತೋ ಇದ್ಕೆ ಆಯ್ತೋ ಗೊತ್ತಾಗ್ಲಿಲ್ಲ."

ಅನುಮಾನದ ಲಾಭ ಅಣಬೆಗೆ ಸಿಕ್ಕಿತು. ಅದು ಕುಕ್ಕರಿಗೆ ಹೋಯಿತು. ಕುಕ್ಕರು ಕೂಗಿತು. ತೆಗೆದು ನೋಡಿದರೆ ಅಣಬೆ ಒಳಗೆ ಹೋದಾಗ ಇದ್ದಂತೆಯೇ ಇತ್ತು. ಮತ್ತೆ ಮುಚ್ಚಿದಳು, ಮತ್ತೆ ಕೂಗಿತು. ಕೊನೆಗೆ ಕುಕ್ಕರಿಗೆ ಸುಸ್ತಾಯಿತು, ಅಣಬೆಗೆ ಆಗಲಿಲ್ಲ. ಕವಿತ ಒಂದನ್ನು ಬೆರಳಿನಲ್ಲಿ ಹಿಡಿದು ಎಳೆದಳು. ಅದು ಉದ್ದವಾಗಿ ಮತ್ತೆ ಚಿಕ್ಕದಾಯಿತು.

"ಇದು ನಲ್ಲಿಗೆ ಆಕೋ ವಾಷರ್ರು ಕಣ್ರೀ."

"ನಾಟಿ ಕೋಳಿ ಬೇಗ ಬೇಯುತ್ತಾ? ಫಾರಂ ಕೋಳಿ ತಾನೇ ಮೆತ್ತಗಾಗೋದು. ಇದು ನಾಟಿ."

"ಉಪ್ಪು ನೋಡಿ ಬನ್ನಿ."

"ನೆಂಟರಿಗೆ ಬಡಿಸೋ ಮೊದಲು ಎಂಜಲು ಮಾಡಬಾರದು" ಎಂದು ರಘುನಂದನ್ ಸ್ನಾನಕ್ಕೆ ಹೋದ.

ಅವನು ಬಚ್ಚಲಲ್ಲಿದ್ದಾಗ ಕವಿತ ಹಿಂದಿನ ಒಲೆಯಲ್ಲಿ ಸದ್ದಿಲ್ಲದೆ ಹುರುಳಿಕಾಳು ಬಸ್ಸಾರಿಗೆ ಇಟ್ಟಳು. ಗಂಡನ ಮೇಲೆ ಅವಳಿಗೆ ಪ್ರೀತಿಯಿತ್ತು. ಆದರೆ ತವರಿನವರು ಬದುಕಿರಬೇಕೆಂಬ ಆಸೆಯೂ ಇತ್ತು.

ಮಧ್ಯಾಹ್ನಕ್ಕೆ ಬೋರಯ್ಯ, ದೇವಿರಮ್ಮ, ದೀಪಿಕ ಮೂವರೂ ಬಂದಿಳಿದರು. ಸ್ವರೂಪ್ ಬೆಳಗಿನ ಹಾಲು ಮುಗಿಸಿ ಗಾಡಿಯಲ್ಲಿ ಬಂದು, ಇಸ್ತ್ರಿ ಮುರಿಯದ ಹಾಗೆ ನಿಂತೇ ಇದ್ದ. ಬೋರಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಡೇರೀಲಿ ನಮ್ ಆಲಿಗೆ ಫ್ಯಾಟು ಯಾಕ್ಲಾ ಕಮ್ಮಿ ಆಕ್ತೀಯ?" ಎಂದರು.

"ಎಷ್ಟಿರ್ತದೋ ಅಷ್ಟೇ ಆಕೋದು ಮಾವ" ಎಂದ ಸ್ವರೂಪ್.

ಅಣ್ಣ ತಮ್ಮನ ಕಡೆ ಕಣ್ಣು ಬಿಟ್ಟ. ಹೆಣ್ಣು ಕೊಡುವ ಮಾವನಿಗೆ ಒಂದು ಪಾಯಿಂಟು ಹೆಚ್ಚು ಹಾಕಿದರೆ ಈ ಹುಡುಗನ ಗಂಟೇನು ಹೋಗುತ್ತಿತ್ತು? ಈ ಸಂಬಂಧ ಉಳಿದರೆ ಅದು ತನ್ನ ಸಾರಿನಿಂದಲೇ ಎಂದು ಅವನು ಇನ್ನಷ್ಟು ಗಟ್ಟಿಯಾಗಿ ನಂಬಿದ.

ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ತಟ್ಟೆಗೆ ಮುದ್ದೆ ಬಿತ್ತು. ರಘುನಂದನ್ ತಾನೇ ಸಾರಿನ ಬಟ್ಟಲು ಹಿಡಿದು ತಂದು, ಅಭಿಷೇಕದ ತೀರ್ಥ ತಂದವನ ಹಾಗೆ ಮಾವನ ಮುಂದೆ ಇಟ್ಟ. ಮಸಾಲೆಯ ಘಮ ಮಾತ್ರ ನಿಜವಾಗಿಯೂ ಬಾಡಿನದ್ದೇ. ಶ್ರಾವಣದಲ್ಲಿ ಒಣಗಿ ಕೂತಿದ್ದ ಬೋರಯ್ಯನವರ ಮೂಗು ಅರಳಿತು. ಬಗ್ಗಿ ಬಟ್ಟಲೊಳಗೆ ನೋಡಿದಾಗ ಮತ್ತೆ ಮುಚ್ಚಿಕೊಂಡಿತು.

"ಏನು ಅಳಿಯಂದ್ರೆ ಇದು?"

"ಅಣಬೆ ಮಾವ. ನಾನೇ ಕಾಡಿಗೆ ಹೋಗಿ ಗುರುತು ಹಿಡಿದು ತಂದದ್ದು."

ನೆಂಟನಾಗಿ ಬಂದವನು ಬಡಿಸಿದ್ದನ್ನು ಬೇಡ ಎನ್ನುವುದು ಮರ್ಯಾದೆಯಲ್ಲ. ಅಳಿಯ ಗುರುತು ಹಿಡಿದದ್ದನ್ನು ತಿನ್ನುವುದು ಬುದ್ಧಿಯಲ್ಲ. ಮರ್ಯಾದೆಗೂ ಬುದ್ಧಿಗೂ ನಡುವೆ ಸಿಕ್ಕಿದ ಬೋರಯ್ಯ ಎಲ್ಲ ಗಂಡಸರೂ ಮಾಡುವ ಕೆಲಸ ಮಾಡಿದರು.

"ಮೊದ್ಲು ನಿಮ್ ಅತ್ತೆಗೆ ಆಕಿ."

"ನಂಗ್ ಬ್ಯಾಡ ಕಣಪ್ಪ, ಮಂಡಿ ನೋವು" ಎಂದರು ದೇವಿರಮ್ಮ.

"ಮಂಡಿ ನೋವಿಗೂ ಅಣಬೆಗೂ ಏನತ್ತೆ ಸಂಬಂಧ?"

"ಇದ್ರೂ ಇರ್ಬೋದು."

"ಅತ್ತೆ, ಇದು ನೀವೇ ಹೇಳಿದ ಅಣಬೆ. ಕಣ್ಣು ಮುಚ್ಚಿಕೊಂಡು ತಿನ್ನಬಹುದು ಅಂದ್ರಲ್ಲ, ಆಲಣಬೆ."

ದೇವಿರಮ್ಮ ಕಣ್ಣು ಮುಚ್ಚುವ ಬದಲು ಇನ್ನಷ್ಟು ತೆರೆದು ಬಟ್ಟಲಿಗೆ ಬಗ್ಗಿದರು. "ಅಯ್ಯೋ, ಇದ್ಯಾಕಪ್ಪ ಆಲಣಬೆ ಆದದು?"

"ಆಲದ ಮರದ ಕೆಳಗೇ ಕಿತ್ತು ತಂದೆ ಅತ್ತೆ."

"ಯಾವ್ ಮರನಪ್ಪ? ಮರ ಅಂತ ಯಾರ್ ಯೋಳುದ್ರು? ಆಲು ಕಣಪ್ಪ, ಆಲು. ಅಸ ಕೊಡ್ತದಲ್ಲ, ಆಲು."

"ಹಾಲು?"

"ಅದ್ನೇ ಅಲ್ವಾ ನಾನೂ ಯೋಳ್ತಿರದು, ಆಲು. ಆಲಿನಂಗೆ ಬೆಳ್ಳಗೆ, ದಪ್ಪುಕ್ಕೆ ಇರ್ತದೆ."

ರಘುನಂದನನ ಕಾಲ ಕೆಳಗಿನ ಚಾಪೆ ಸ್ವಲ್ಪ ಸರಿದಂತಾಯಿತು. ಆದರೂ ಕೊನೆಯ ಆಸೆಯಿಂದ ಕೇಳಿದ, "ಅದು ನಿಮ್ಮ ಕಡೆ ಎಲ್ಲಿ ಏಳುತ್ತೆ ಅತ್ತೆ? ಹುತ್ತದ ಹತ್ತಿರವಾ, ಬದುವಿನ ಮೇಲಾ?"

"ನಂಗೇನ್ ಗೊತ್ತು? ಮದ್ದೂರ್ ಅಂಗ್ಡೀಲಿ ಫ್ರಿಜ್ಜೊಳಗೆ ಇರ್ತದೆ. ಪ್ಯಾಕೀಟು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕವಿತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವಿಗೋ ಅಳುವಿಗೋ ತಿಳಿಯಲಿಲ್ಲ. ರಘುನಂದನ್ ಸೋಲೊಪ್ಪುವ ಕುಲದವನಲ್ಲ. ಒಬ್ಬ ಸಾಕ್ಷಿ ಉಲ್ಟಾ ಹೊಡೆದರೇನಂತೆ, ಇನ್ನೊಬ್ಬ ಸಾಕ್ಷಿ ಜೇಬಿನಲ್ಲಿತ್ತು. ಫೋನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ.

"ಹೆಸರು ಯಾವುದಾದರೂ ಇರಲಿ. ವಿಜ್ಞಾನ ಏನು ಹೇಳಿದೆ ನೋಡಿ. ಇನ್‌ಎಡಿಬಲ್."

ಮಜ್ಜಿಗೆಯ ಪಾತ್ರೆ ಹಿಡಿದು ಬರುತ್ತಿದ್ದ ದೀಪಿಕ ನಿಂತಳು. ಅವಳು ಮದ್ದೂರಿನಲ್ಲಿ ಬಿ.ಕಾಂ. ಓದುತ್ತಿದ್ದಳು.

"ಭಾವ, ಇನ್‌ಎಡಿಬಲ್ ಅಂದ್ರೆ ತಿನ್ನಕ್ಕಾಗಲ್ಲ ಅಂತ."

"ಮೇಲುನೋಟಕ್ಕೆ ಹಾಗನ್ನಿಸುತ್ತಮ್ಮ" ಎಂದು ರಘುನಂದನ್ ಡೀಸೆಲ್ ಡ್ರಮ್ಮಿನಿಂದ ಶುರುಮಾಡಿ ತನ್ನ ಸಿದ್ಧಾಂತವನ್ನೆಲ್ಲ ಬಿಡಿಸಿ ಹೇಳಿದ. ಬೋರಯ್ಯ ಮುದ್ದೆಯ ಮೇಲೆ ಕೈಯಿಟ್ಟುಕೊಂಡು ಕೊನೆಯವರೆಗೂ ಕೇಳಿದರು.

"ಅಂಗಾರೆ ತಿನ್ನಾಕಾಗಕಿಲ್ಲ ಅಂದ್ರೆ ಚೆನ್ನಾಗ್ ತಿನ್ನಬೋದು ಅಂತ."

"ಹೌದು ಮಾವ."

"ಗಬ್ಬ ಅಲ್ಲ ಅಂದ್ರೆ ಗಬ್ಬ ಅಂದಂಗೆ."

ಇನ್ನು ಮಾತಿನಿಂದ ಕೆಲಸವಿಲ್ಲ ಎಂದು ರಘುನಂದನನಿಗೆ ತಿಳಿಯಿತು. ಎಲ್ಲರೂ ನೋಡುತ್ತಿದ್ದಂತೆ ಬಟ್ಟಲಿಗೆ ಕೈ ಹಾಕಿ, ಇದ್ದುದರಲ್ಲಿ ದೊಡ್ಡದೊಂದು ಅಣಬೆಯನ್ನು ಆರಿಸಿ ಬಾಯಿಗೆ ಹಾಕಿಕೊಂಡು ಜಗಿದ.

ಜಗಿದ ಎನ್ನುವುದು ಅಷ್ಟು ಸರಿಯಾದ ಮಾತಲ್ಲ. ಅವನು ಜಗಿಯುತ್ತಿದ್ದ, ಅಣಬೆ ಒಪ್ಪುತ್ತಿರಲಿಲ್ಲ. ಹಲ್ಲು ಮುಚ್ಚಿದಾಗ ಮೆಲ್ಲಗೆ ಬಗ್ಗುವುದು, ತೆರೆದಾಗ ಮೊದಲಿನಂತೆ ಎದ್ದು ಕೂರುವುದು. ಎಡಗಡೆಯಿಂದ ಬಲಗಡೆಗೆ ದಾಟಿಸಿದ. ಅಲ್ಲಿಯೂ ಅದರ ಸ್ವಭಾವ ಬದಲಾಗಲಿಲ್ಲ. ಅದರ ತಂತಿಯಂಥ ಕಾಲು ಒಂದು ದವಡೆ ಹಲ್ಲಿಗೂ ಇನ್ನೊಂದಕ್ಕೂ ನಡುವೆ ಹೋಗಿ ಸೇರಿಕೊಂಡಿತು. ನುಂಗಲು ಧೈರ್ಯವಿಲ್ಲ, ಉಗಿಯಲು ಮಾನವಿಲ್ಲ. ಮುಖದಲ್ಲಿ ರುಚಿಯನ್ನು ನಟಿಸುತ್ತಾ ಅವನು ಜಗಿಯುತ್ತಲೇ ಇದ್ದ.

ಬೋರಯ್ಯ ಅವನನ್ನೇ ನೋಡಿದರು. ಆಮೇಲೆ ಬಟ್ಟಲನ್ನು ಎತ್ತಿ ಸ್ವರೂಪನ ತಟ್ಟೆಯ ಪಕ್ಕಕ್ಕೆ ಇಟ್ಟರು.

"ನಿಮ್ಮಣ್ಣ ಬೆನ್ನು ಮುರ್ಕಂಡು ತಂದವ್ನೆ. ಬಾಯ್ಗೂ ಆಕ್ಕಂಡವ್ನೆ. ತಮ್ಮ ಆದವ್ನು ನೀನೂ ಆಕ್ಕಳಪ್ಪ."

ಕವಿತ ಮೈದುನನಿಗೆ ಕಣ್ಣಲ್ಲೇ ಏನೋ ಹೇಳಲು ನೋಡಿದಳು, ಆದರೆ ತಿನ್ನು ಎನ್ನಬೇಕೋ ಬೇಡ ಎನ್ನಬೇಕೋ ಅವಳಿಗೇ ಗೊತ್ತಾಗಲಿಲ್ಲ. ತಿಂದರೆ ಹೊಟ್ಟೆ ಏನಾಗುತ್ತದೋ, ತಿನ್ನದಿದ್ದರೆ ಸಂಬಂಧ ಏನಾಗುತ್ತದೋ. ಬೀಗರ ಎದುರಿಗೆ ಹೆತ್ತಪ್ಪನಂಥ ಅಣ್ಣನ ಮಾತು ತೆಗೆದುಹಾಕಿದ ಹುಡುಗನಿಗೆ ಹೆಣ್ಣು ಕೊಡುವವರು ಯಾರು?

ರಘುನಂದನನಿಗೆ ತನ್ನ ಬಾಯಿಗೆ ಹಾಕಿಕೊಳ್ಳುವಾಗ ಇಲ್ಲದ ಭಯ ತಮ್ಮನ ತಟ್ಟೆಯ ಪಕ್ಕ ಆ ಬಟ್ಟಲು ಕಂಡಾಗ ಬಂತು. ಜ್ವರ ಬಂದ ರಾತ್ರಿಗಳಲ್ಲಿ ತನ್ನ ಪಂಚೆ ಹಿಡಿದುಕೊಂಡು ಮಲಗುತ್ತಿದ್ದ ಹುಡುಗ ಅವನು. ಅಣಬೆಯ ವಿಷಯದಲ್ಲಿ ತಾನು ಹೇಳಿದ್ದನ್ನು ತಾನೇ ನಂಬಿಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು. ಬೇಡ ಕಣೋ ಎನ್ನಲು ಹೋದ. ಬಾಯಿಂದ 'ಮ್ಮ್' ಎಂಬುದೊಂದೇ ಹೊರಟಿತು. ಬಟ್ಟಲನ್ನು ಕಸಿದುಕೊಳ್ಳಲು ಕೈ ಚಾಚಿದ.

ಅಷ್ಟರಲ್ಲಿ ಸ್ವರೂಪನೇ ಬಟ್ಟಲನ್ನು ಮೆಲ್ಲಗೆ ಅತ್ತ ಸರಿಸಿದ.

"ಇಲ್ಲ ಮಾವ. ನಾನು ತಿನ್ನಲ್ಲ."

"ಯಾಕೆ? ನಿಮ್ಮಣ್ಣನ ಮ್ಯಾಲೆ ಪ್ರೀತಿ ಇಲ್ವಾ?"

"ನಮ್ಮಣ್ಣನ ಮೇಲೆ ಪ್ರಾಣನೇ ಇಟ್ಕಂಡಿವ್ನಿ ಮಾವ" ಎಂದ ಸ್ವರೂಪ್, ತಲೆ ತಗ್ಗಿಸಿಕೊಂಡು. "ಆದ್ರೆ ಅವನ ಮಾತಿನ ಮೇಲೆ ಪ್ರಾಣ ಇಡಾಕಾಗಲ್ಲ."

ರಘುನಂದನನ ದವಡೆ ಒಂದು ಕ್ಷಣ ನಿಂತಿತು. ಆ ಮಾತು ಎದೆಗೆ ಚುಚ್ಚಿತು. ಚುಚ್ಚಿದ ಜಾಗದಲ್ಲೇ ಏನೋ ತಣ್ಣಗೂ ಆಯಿತು, ಹುಡುಗ ತಿನ್ನಲಿಲ್ಲವಲ್ಲ ಎಂದು.

ಬೋರಯ್ಯ ಕೈ ತೊಳೆದುಕೊಂಡವರಂತೆ ಅಂಗೈ ಉಜ್ಜಿದರು. ಅವರ ಮೀಸೆಯ ಕೆಳಗೆ ಬಹಳ ದಿನದ ಮೇಲೆ ಹಲ್ಲು ಕಂಡಿತು.

"ಇದ್ನ ಮೊದ್ಲೇ ಯೋಳಾದಲ್ವೇನಪ್ಪ? ಅಣ್ಣ ಯೋಳಿದ್ದನ್ನ ನೀನು ನಂಬಾಕಿಲ್ಲ ಅಂತ ಗೊತ್ತಿದ್ರೆ ಆಸಾಡಕ್ಕೆ ಮುಂಚೆನೇ ಲಗ್ನ ಮಾಡ್ಬುಡ್ತಿದ್ದೆ. ಕವಿತ, ಇನ್ನೊಂದು ಸಾರು ಮಾಡಿರ್ತೀಯಲ್ಲ, ಅದ್ನ ತತ್ತಾ ಮಗ."

ಬಸ್ಸಾರು ಬಂತು. ದೇವಿರಮ್ಮನವರ ಮಂಡಿ ನೋವು ಹೋಯಿತು. ದೀಪಿಕ ಮಜ್ಜಿಗೆ ಪಾತ್ರೆಯನ್ನು ಕೆಳಗಿಟ್ಟು, ನಾಚಿಕೆಗೆ ಎಲ್ಲಿ ನೋಡಬೇಕೋ ತಿಳಿಯದೆ ಭಾವನ ಫೋನನ್ನು ಎತ್ತಿಕೊಂಡು ಅದರಲ್ಲಿ ಕೆಳಕ್ಕೆ ಓದುತ್ತಾ ಹೋದಳು.

"ಭಾವ, ಇಸ ಇದೆ ಅಂತ ಎಲ್ಲೂ ಬರ್ದಿಲ್ಲ. ಬರೀ ಸಣ್ಣದು, ನಾರು, ಜಗಿಯಕ್ಕಾಗಲ್ಲ, ಅದ್ಕೇ ಯಾರೂ ತಿನ್ನಲ್ಲ ಅಂತದೆ ಅಷ್ಟೇ."

ರಘುನಂದನ್ ತಲೆಯಾಡಿಸಿದ. ಕೊನೆಗೂ ಅಣಬೆಯ ಗುರುತು ಸಿಕ್ಕಿತ್ತು. ದೀಪಿಕ ಓದಿ ಹೇಳಿದ್ದನ್ನೆಲ್ಲ ಅವನ ಬಾಯಿ ಆಗಲೇ ಕಂಡುಕೊಂಡಿತ್ತು.

"ಎಲ್ಲಿ, ಗಂಡಿನ ಕಡೆ ಇರೀಕರು ನೀವೇ ಅಲ್ವಾ?" ಎಂದು ಬೋರಯ್ಯ ಮುದ್ದೆ ಮುರಿಯುತ್ತಾ ಅಳಿಯನ ಕಡೆ ತಿರುಗಿದರು. "ಛತ್ರ ಕೊಪ್ಪದಲ್ಲೇ ಇಡಿಯಾಣ. ಊಟದ್ದು ನಮ್ದು. ದಿನ ಗೊತ್ತು ಮಾಡದು ನಮ್ ಐನೋರು. ಏನಂತೀರಿ?"

ಬೇರೆ ದಿನವಾಗಿದ್ದರೆ ರಘುನಂದನ್ ಛತ್ರದ ದಿಕ್ಕು, ಊಟದ ಪಟ್ಟಿ, ಪಂಚಾಂಗದ ತಪ್ಪು ಮೂರರ ಮೇಲೂ ಬೇರೆ ಬೇರೆ ಭಾಷಣ ಕೊಡುತ್ತಿದ್ದ. ಈಗ ಅವನು "ಮ್ಮ್" ಎಂದ.

"ಒಪ್ಪಿದ್ರು" ಎಂದರು ಬೋರಯ್ಯ.

ಗಂಡನ ಕಣ್ಣಲ್ಲಿ ನೀರು ತುಂಬಿದ್ದನ್ನು ಕವಿತ ಕಂಡಳು. ಅದು ಸಂತೋಷಕ್ಕೋ ದವಡೆ ನೋವಿಗೋ ಎಂದು ವಿಚಾರಿಸದೆ ಒಳಗಿನಿಂದ ಒಂದು ತಟ್ಟೆ ತಂದು ಅವನ ಗಲ್ಲದ ಕೆಳಗೆ ಹಿಡಿದಳು.

"ಸಾಕು ಬುಡ್ರಿ, ಉಗೀರಿ ಅದ್ನ."

ಬೋರಯ್ಯ ತುತ್ತು ಹಿಡಿದ ಕೈಯನ್ನು ಅಡ್ಡ ತಂದರು.

"ತಡಿಯವ್ವ, ಆತ್ರ ಬ್ಯಾಡ. ಮದ್ವೆ ಮಾತು ಮುಗಿಯಗಂಟ ಅದು ಅವ್ರ ಬಾಯಲ್ಲೇ ಇರ್ಲಿ."